ಫ್ಯಾಕ್ಟರಿ ಅಂದ್ರೆ ಬೈಗುಳಾನಾ?

ನಮ್ಮ ಮಾವ ರಿಟೈರ್ ಆದ ವಾರ ನಾನೊಂದು ಎಡವಟ್ಟು ಮಾಡಿಕೊಂಡೆ.

ಮಾವ ಅಂದ್ರೆ ಅಮ್ಮನ ತಮ್ಮ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ನಾಲ್ಕು ವರ್ಷ ಲೇತ್ ಮಷೀನ್ ಮುಂದೆ ನಿಂತ ಮನುಷ್ಯ. ಶನಿವಾರ ಸಂಜೆ ಒಂದು ಬಾಟಲ್ ಚಿಲ್ಡ್ ಬಿಯರು, ಒಂದು ಪ್ಲೇಟ್ ಕಾಂಗ್ರೆಸ್ ಕಡ್ಲೆಬೀಜ. ಅವರ ಐಷಾರಾಮ ಅಷ್ಟೇ. ಅದೇ ಬಾರು, ಅದೇ ಮೂಲೆ ಟೇಬಲ್ಲು, ಅದೇ ಬ್ರ್ಯಾಂಡು. ಎರಡನೇ ಬಾಟಲ್ ತೆಗೆಸಿದ್ದನ್ನ ನಾನಂತೂ ನೋಡಿಲ್ಲ.

"ಈ ಸಲ ನಾನು ಕೊಡಿಸ್ತೀನಿ ಬನ್ನಿ ಮಾವ" ಅಂತ ಇಂದಿರಾನಗರದ ಕಡೆ, ಬಿಯರನ್ನ ಅಲ್ಲೇ ತಯಾರಿಸಿ ಅಲ್ಲೇ ಬಡಿಸೋ ಒಂದು ಜಾಗಕ್ಕೆ ಕರ್ಕೊಂಡು ಹೋದೆ. ಗಾಜಿನ ಗೋಡೆಯ ಆಚೆ ಫಳಫಳ ಹೊಳೆಯೋ ದೊಡ್ಡ ದೊಡ್ಡ ಹಂಡೆಗಳು. ಮೆನುವಿನಲ್ಲಿ ಏಳೆಂಟು ಥರದ ಬಿಯರು. ನಾನು ಗತ್ತಿನಿಂದ ಇಬ್ಬರಿಗೂ ಇಂಡಿಯಾ ಪೇಲ್ ಏಲ್ ಹೇಳಿದೆ. ಮಾವ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಬೇವಿನ ಕಷಾಯ ಇದ್ದಂಗಿದೆ ಕಣೋ. ನಮ್ ಮಾಮೂಲಿ ಸಿಗಲ್ವಾ ಇಲ್ಲಿ?"

"ಅಯ್ಯೋ ಮಾವ, ಅದನ್ನೇನು ಬಿಯರು ಅಂತ ಕುಡೀತೀರ! ಅದು ಫ್ಯಾಕ್ಟರಿ ಮಾಲು. ಕೋಟಿ ಬಾಟಲ್ ತೆಗೆದ್ರೂ ಒಂದೇ ರುಚಿ."

ಮಾವ ಗ್ಲಾಸು ಕೆಳಗಿಟ್ಟರು. ಸಿಟ್ಟೇನೂ ಮಾಡಿಕೊಳ್ಳಲಿಲ್ಲ. "ನಾನೂ ಫ್ಯಾಕ್ಟರಿಯವನೇ ಅಲ್ವೇನೋ? ಸಾವಿರ ಪೀಸ್ ತೆಗೆದ್ರೂ ಒಂದೇ ಅಳತೆ ಬರ್ಲಿ ಅಂತ ಇಷ್ಟು ವರ್ಷ ಜೀವ ತೇಯ್ದೆ. ಅದು ಬೈಗುಳ ಯಾವಾಗ ಆಯ್ತು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಒಂದೇ ರುಚಿ ಅನ್ನೋದು ಯಾವಾಗ ಬೈಗುಳ ಆಯ್ತು ಅಂತ ಹುಡುಕುತ್ತಾ ಹೋದವನು ಮೊದಲು ಬಂದು ನಿಂತಿದ್ದು ಈಗಿನ ಚೆಕ್ ದೇಶದ ಪಿಲ್ಸೆನ್ ಅನ್ನೋ ಊರಿನ ಚೌಕದಲ್ಲಿ.

ಇಸವಿ 1838. ಪಿಲ್ಸೆನ್ನಿನ ಜನ 36 ಪೀಪಾಯಿ ಬಿಯರನ್ನ ಪುರಭವನದ ಮುಂದೆ ಉರುಳಿಸಿಕೊಂಡು ಬಂದು, ಎಲ್ಲರೂ ನೋಡ್ತಾ ಇದ್ದಂಗೆ ಬೀದಿಗೆ ಸುರಿದರು. ಬಿಯರು ಕೆಟ್ಟು ಹೋಗಿತ್ತು, ಕುಡಿಯೋ ಹಾಗೇ ಇರಲಿಲ್ಲ. ನೋಡಿ, ಆ ಊರಿಗೆ ಬಿಯರು ಹೊಸದೇನಲ್ಲ. 1295ರಲ್ಲಿ ಊರು ಹುಟ್ಟಿದಾಗಿನಿಂದ ಅಲ್ಲಿನ ಮನೆತನಗಳಿಗೆ ಬಿಯರು ತಯಾರಿಸೋ ಹಕ್ಕು ಇತ್ತು. ಅಂದ್ರೆ ಐನೂರು ವರ್ಷಕ್ಕೂ ಮಿಕ್ಕಿ ಅವರು ಮಾಡುತ್ತಿದ್ದದ್ದು ನಾವು ಇವತ್ತು ಹೆಚ್ಚು ದುಡ್ಡು ಕೊಟ್ಟು ಕುಡಿಯೋ ಥರದ್ದೇ: ಸಣ್ಣ ಪ್ರಮಾಣದ, ಕೈಯಿಂದ ಮಾಡಿದ, ಪ್ರತಿ ಸಲವೂ ಬೇರೆ ಬೇರೆ ರುಚಿಯ ಬಿಯರು. ಆ 'ಬೇರೆ ಬೇರೆ ರುಚಿ'ಯಲ್ಲಿ ಹುಳಿ ಬಂದದ್ದೂ ಸೇರಿತ್ತು, ವಾಸನೆ ಹೊಡೆದದ್ದೂ ಸೇರಿತ್ತು. ಜನಕ್ಕೆ ಸಾಕಾಗಿತ್ತು.

ಬೇಸತ್ತ ಊರಿನವರು ಸೇರಿ ಒಂದು ಹೊಸ ಬ್ರೂವರಿ ಕಟ್ಟಿದರು. ಪಕ್ಕದ ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನೋ ಕುಶಲಕರ್ಮಿಯನ್ನ ಕಾಂಟ್ರ್ಯಾಕ್ಟ್ ಮೇಲೆ ಕರೆಸಿದರು. ಬವೇರಿಯಾದವನೇ ಯಾಕೆ ಅಂದ್ರೆ, ಅಲ್ಲಿನವರಿಗೆ ಚಳಿಯಲ್ಲಿ ಬಿಯರು ಮಾಡೋ ವಿದ್ಯೆ ಗೊತ್ತಿತ್ತು. ಬೇಸಿಗೆಯಲ್ಲಿ ಮಾಡಿದ ಬಿಯರು ಕೆಡುತ್ತೆ ಅಂತ ಅಲ್ಲಿ 1553ರಲ್ಲೇ ಕಾನೂನು ಬಂದಿತ್ತು. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಯರು ಕುದಿಸೋ ಹಾಗಿಲ್ಲ. ಹಾಗಾಗಿ ಚಳಿಗಾಲದಲ್ಲಿ ಮಾಡಿ, ನೆಲಮಾಳಿಗೆಯ ತಣ್ಣನೆ ಕತ್ತಲೆಯಲ್ಲಿ ತಿಂಗಳುಗಟ್ಟಲೆ ಇಡ್ತಿದ್ದರು. ಜರ್ಮನ್ ಭಾಷೆಯಲ್ಲಿ 'ಲಾಗರ್ನ್' ಅಂದ್ರೆ ದಾಸ್ತಾನು ಮಾಡಿಡೋದು. ಲಾಗರ್ ಅನ್ನೋ ಹೆಸರು ಬಂದದ್ದು ಅಲ್ಲಿಂದ.

ಮಾಮೂಲಿ ಏಲ್ ಬಿಯರಿನ ಯೀಸ್ಟು ಬೆಚ್ಚಗೆ ಇದ್ದರೆ ಮೇಲೆ ತೇಲಿಕೊಂಡು ಮೂರ್ನಾಲ್ಕು ದಿನದಲ್ಲಿ ಕೆಲಸ ಮುಗಿಸುತ್ತೆ. ಲಾಗರಿನ ಯೀಸ್ಟು ಬೇರೆ ಜಾತಿ. ತಳಕ್ಕೆ ಕೂತು, ಹತ್ತು ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ನಿಧಾನವಾಗಿ ಹುದುಗಿಸುತ್ತೆ. ಇದು ಎರಡು ಯೀಸ್ಟುಗಳ ಮಿಶ್ರ ಸಂತಾನ. ಒಂದು ಬ್ರೆಡ್ಡಿಗೂ ಏಲಿಗೂ ಬಳಸೋ ಯೀಸ್ಟು. ಚಳಿ ತಡೆಯೋ ಇನ್ನೊಂದು ಯಾವುದು ಅಂತ 2011ರವರೆಗೂ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಅದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಕಾಡಿನ ಮರಗಳ ಗಂಟುಗಳಲ್ಲಿ ಸಿಕ್ಕಿತು!

ಗ್ರೋಲ್ ಈ ಚಳಿಯ ವಿದ್ಯೆಗೆ ಪಿಲ್ಸೆನ್ನಿನ ಮೆದು ನೀರು, ಹೊಗೆ ತಾಗದಂತೆ ಒಣಗಿಸಿದ ತಿಳಿಬಣ್ಣದ ಬಾರ್ಲಿ ಮಾಲ್ಟು, ಅದೇ ಸೀಮೆಯ ಹಾಪ್ಸ್ ಹೂವು ಸೇರಿಸಿದ. 1842ರ ಅಕ್ಟೋಬರ್ 5ಕ್ಕೆ ಒಲೆ ಹಚ್ಚಿದ. ನವೆಂಬರಿನಲ್ಲಿ ಜನರ ಕೈಗೆ ಬಂದದ್ದು, ಆ ಊರು ಅದುವರೆಗೆ ಕಾಣದಿದ್ದ ಹೊಂಬಣ್ಣದ, ತಿಳಿಯಾದ, ಬಿಳಿ ನೊರೆಯ ಬಿಯರು. ಇವತ್ತು ಜಗತ್ತಿನಲ್ಲಿ ಮಾರಾಟ ಆಗೋ ಬಿಯರಿನಲ್ಲಿ ಬಹುಪಾಲು ಇದರ ಮಕ್ಕಳು ಮೊಮ್ಮಕ್ಕಳೇ. ನಮ್ಮ ಮಾವನ ಶನಿವಾರದ ಬಾಟಲ್ಲೂ ಸೇರಿ.

ಈ ತಿಳಿ ಬಣ್ಣದಲ್ಲೇ ಒಂದು ಪರೀಕ್ಷೆ ಇದೆ. ಕಪ್ಪು ಬಿಯರಿನಲ್ಲಿ ಸುಟ್ಟ ಮಾಲ್ಟಿನ ರುಚಿ, ಕಹಿ ಏಲಿನಲ್ಲಿ ಹಾಪ್ಸಿನ ಘಾಟು ಎಷ್ಟೋ ತಪ್ಪುಗಳನ್ನ ಮುಚ್ಚಿ ಹಾಕುತ್ತೆ. ತೆಳು ಲಾಗರಿನಲ್ಲಿ ಮುಚ್ಚಿಡೋಕೆ ಏನೂ ಇಲ್ಲ. ಯೀಸ್ಟು ಸ್ವಲ್ಪ ಹಠ ಮಾಡಿದರೂ ಬೆಣ್ಣೆ ವಾಸನೆ ಎದ್ದು ಬರುತ್ತೆ. ಬಣ್ಣದ ಲುಂಗಿಯ ಮೇಲೆ ಸಾರು ಚೆಲ್ಲಿದರೆ ಯಾರಿಗೂ ಕಾಣಲ್ಲ, ಬಿಳಿ ಪಂಚೆಯ ಮೇಲೆ ಒಂದು ಹನಿ ಬಿದ್ದರೂ ಇಡೀ ಮದುವೆಮನೆಗೆ ಕಾಣುತ್ತೆ. ಲಾಗರ್ ಅನ್ನೋದು ಬಿಳಿ ಪಂಚೆ.

ಆ ಪಂಚೆಯನ್ನ ಬಿಳಿಯಾಗೇ ಇಡೋಕೆ ಹತ್ತೊಂಬತ್ತನೇ ಶತಮಾನದ ಅತ್ಯುತ್ತಮ ತಲೆಗಳು ಕೆಲಸ ಮಾಡಿದವು. 1870ರ ದಶಕದಲ್ಲಿ ಕಾರ್ಲ್ ಲಿಂಡೆ ತನ್ನ ಶೈತ್ಯಯಂತ್ರಗಳನ್ನ ರೂಪಿಸಿದಾಗ ಬೆನ್ನಿಗೆ ನಿಂತವರು ಮ್ಯೂನಿಕ್ಕಿನ ಬಿಯರಿನವರು. ಬಿಯರು ಯಾಕೆ ಕೆಡುತ್ತೆ ಅಂತ ಲೂಯಿ ಪಾಶ್ಚರ್ 1876ರಲ್ಲಿ ಒಂದು ಪುಸ್ತಕವನ್ನೇ ಬರೆದ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕಣವನ್ನ ಬೇರ್ಪಡಿಸಿ, ಅದರಿಂದಲೇ ಶುದ್ಧ ತಳಿ ಬೆಳೆಸಿದ. ಬಿಯರು ಕೆಡಿಸೋ ಕಾಡು ಯೀಸ್ಟುಗಳ ಕಾಟಕ್ಕೆ ಮದ್ದು ಸಿಕ್ಕಿತು. ಇನ್ನೂ ದೊಡ್ಡ ಮಾತು ಅಂದ್ರೆ, ಕಂಪನಿಯ ಯಜಮಾನ ಯಾಕೊಬ್‌ಸನ್ ಈ ವಿದ್ಯೆಯನ್ನ ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಪೈಪೋಟಿಯವರಿಗೂ ಪುಕ್ಕಟೆ ಕೊಟ್ಟ. ನಮ್ಮ ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದ್ರೆ ಓಪನ್ ಸೋರ್ಸ್ ಮಾಡಿಬಿಟ್ಟ.

ಹಾಗಾದ್ರೆ ಒಂದೇ ರುಚಿ ಅನ್ನೋದು ಯಾರದೋ ಸೋಮಾರಿತನದಿಂದ ಬಂದದ್ದಲ್ಲ. ಬೀದಿಗೆ ಸುರಿದ 36 ಪೀಪಾಯಿಗಳಿಗೆ ಸಿಕ್ಕ ಉತ್ತರ ಅದು.

ಮತ್ತೆ ಬೈಗುಳ ಯಾವಾಗ ಆಯ್ತು? ಅದಕ್ಕೆ ಅಮೆರಿಕಕ್ಕೆ ಹೋಗಬೇಕು. ಜರ್ಮನ್ ವಲಸಿಗರು ಲಾಗರನ್ನ ಅಲ್ಲಿಗೆ ಒಯ್ದರು. ಅಲ್ಲಿನ ಬಾರ್ಲಿಯಲ್ಲಿ ಪ್ರೋಟೀನು ಜಾಸ್ತಿ, ಬಿಯರು ಮಬ್ಬಾಗ್ತಿತ್ತು. ಅಕ್ಕಿ, ಮೆಕ್ಕೆಜೋಳ ಬೆರೆಸಿ ತಿಳಿ ಮಾಡಿದರು. 1920ರಿಂದ 1933ರವರೆಗೆ ಪಾನನಿಷೇಧ ಬಂದು ಸಣ್ಣ ಬ್ರೂವರಿಗಳು ಮುಚ್ಚಿಹೋದವು. ಉಳಿದವನ್ನ ದೊಡ್ಡವರು ನುಂಗಿದರು. 1870ರ ದಶಕದಲ್ಲಿ ನಾಲ್ಕು ಸಾವಿರದಷ್ಟಿದ್ದ ಬ್ರೂವರಿಗಳು ನೂರು ವರ್ಷದ ಮೇಲೆ ನೂರಕ್ಕಿಂತ ಕಮ್ಮಿಯಾದವು. ಬಿಯರು ತೆಳ್ಳಗಾಗುತ್ತಾ ಹೋಯ್ತು, ಜಾಹೀರಾತು ದಪ್ಪಗಾಗುತ್ತಾ ಹೋಯ್ತು. ಇದಕ್ಕೆ ರೋಸಿಹೋದವರದ್ದೇ ಕ್ರಾಫ್ಟ್ ಬಿಯರಿನ ಚಳವಳಿ. 1965ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಚ್ಚೋ ಸ್ಥಿತಿಗೆ ಬಂದಿದ್ದ ಆ್ಯಂಕರ್ ಬ್ರೂವರಿಯನ್ನ ಕೊಂಡು ಉಳಿಸಿದ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯಲ್ಲಿ ಬಿಯರು ಮಾಡಿಕೊಳ್ಳೋದಕ್ಕೆ ಇದ್ದ ತಡೆ ಹೋಯ್ತು. ಆ ಅಡುಗೆಮನೆಗಳಲ್ಲಿ ಕಲಿತ ಎಷ್ಟೋ ಜನ ಮುಂದೆ ಸ್ವಂತ ಬ್ರೂವರಿ ತೆಗೆದರು.

ಅವರ ಸಿಟ್ಟು ನ್ಯಾಯವಾದದ್ದೇ. ಪಿಲ್ಸೆನ್ನಿನವರು ಕೆಟ್ಟ ಬಿಯರು ಸುರಿದ ಹಾಗೆ ಇವರು ಸಪ್ಪೆ ಬಿಯರು ಸುರಿದರು. ಆದರೆ ಅವರ ಜಗಳ ಇದ್ದದ್ದು ಒಂದೇ ಕಂಪನಿ ಅನ್ನೋದರ ಜೊತೆ. ಅದು ನಮ್ಮ ಬಾಯಿಗೆ ಬರುವಷ್ಟರಲ್ಲಿ ಒಂದೇ ರುಚಿ ಅನ್ನೋದರ ಜೊತೆಗಿನ ಜಗಳ ಆಗಿಬಿಟ್ಟಿತ್ತು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ರುಚಿ ಇಷ್ಟಪಡೋ ಮನುಷ್ಯನ ಜೊತೆಗಿನ ಜಗಳವೂ ಆಯ್ತು. ನಾನು ಮಾಡಿದ್ದು ಇದನ್ನೇ.

ನಮ್ಮ ಊರಿನ ಕಥೆಯಲ್ಲಿ ಇನ್ನೊಂದು ತಮಾಷೆ ಇದೆ. ಅವತ್ತು ಮಾವನಿಗೆ ಕುಡಿಸಿದ ಇಂಡಿಯಾ ಪೇಲ್ ಏಲ್ ಇದೆಯಲ್ಲ, ಹೆಸರಿನಲ್ಲಿ ಇಂಡಿಯಾ ಇದ್ದರೂ ಅದು ನಮಗೆ ಅಂತ ಮಾಡಿದ್ದಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿ ಬರಬೇಕಿತ್ತಲ್ಲ, ಕೆಡದೇ ಇರಲಿ ಅಂತ ಹಾಪ್ಸ್ ಜಾಸ್ತಿ ಹಾಕಿ, ಇಲ್ಲಿದ್ದ ಬಿಳಿಯರಿಗೆ ಲಂಡನ್ನಿನಿಂದ, ಆಮೇಲೆ ಬರ್ಟನ್ನಿನಿಂದ ಕಳಿಸುತ್ತಿದ್ದ ಬಿಯರು. ಇಲ್ಲೇ ತಯಾರಿಸೋಣ ಅಂತ ಹೊರಟವರು ಚಳಿ ಹುಡುಕಿಕೊಂಡು ಕಸೌಲಿ, ನೀಲಗಿರಿಯಂಥ ಬೆಟ್ಟ ಹತ್ತಿದರು. 1915ರಲ್ಲಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬ್ರೂವರಿಗಳನ್ನ ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಆಗೆಲ್ಲ ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಹೋಗ್ತಿದ್ದವಂತೆ. 1947ರಲ್ಲಿ, ಇನ್ನೂ ಇಪ್ಪತ್ತರ ಹರೆಯದ, ಬಂಟ್ವಾಳ ಮೂಲದ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಈಗ ಯುಬಿ ಸಿಟಿ ನಿಂತಿರೋದು ಅವರ ಹೆಸರಿನ ರಸ್ತೆಯಲ್ಲೇ. 1978ರಲ್ಲಿ ಕಿಂಗ್‌ಫಿಶರ್ ಬಂತು. ಅದು ಏಲ್ ಅಲ್ಲ, ಲಾಗರ್.

ಚಳಿ ಹುಡುಕಿಕೊಂಡು ಬೆಟ್ಟ ಹತ್ತುತ್ತಿದ್ದ ಬಿಯರು, ಲಿಂಡೆಯ ಯಂತ್ರದ ದಯೆಯಿಂದ ರಾಯಚೂರಿನ ಬಿಸಿಲಿಗೂ ಇಳಿಯಿತು. ಸಾಹೇಬರ ಕ್ಲಬ್ಬಿನಲ್ಲಿದ್ದದ್ದು ಲೇತ್ ಮಷೀನಿನವನ ಟೇಬಲ್ಲಿಗೂ ಬಂತು. ಬೀದರಿನಲ್ಲಿ ತೆಗೆದರೂ ಚಾಮರಾಜನಗರದಲ್ಲಿ ತೆಗೆದರೂ ಅದೇ ಬಿಯರು. ದಿನಗೂಲಿ ಎಣಿಸಿ ಖರ್ಚು ಮಾಡೋನಿಗೆ ಈ ಖಾತ್ರಿ ಸಣ್ಣದಲ್ಲ. ಹೊಸ ರುಚಿ ಸರಿಹೋಗದಿದ್ದರೆ ಇನ್ನೊಂದು ಹೇಳೋಣ ಅನ್ನೋದು ಜೇಬಿನಲ್ಲಿ ಎರಡನೇ ಗ್ಲಾಸಿನ ದುಡ್ಡು ಇರೋನ ಮಾತು. ವಾರಕ್ಕೆ ಒಂದೇ ಬಾಟಲ್ ಇರೋನು ಜೂಜಾಡಲ್ಲ.

ಹಾಗಂತ ದೊಡ್ಡ ಕಂಪನಿಗಳಿಗೆ ಹಾರ ಹಾಕೋಕೆ ಇದನ್ನ ಬರೀತಿಲ್ಲ. ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿ ಮಾಡಿದರು ಅಂತ 2021ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬಿಯರು ಕಂಪನಿಗಳಿಗೆ ದಂಡ ಹಾಕಿದೆ. ನಾನೂ ಇಂದಿರಾನಗರಕ್ಕೆ ಹೋಗೋದು ಬಿಟ್ಟಿಲ್ಲ. ಕಹಿ ಏಲ್ ಇವತ್ತಿಗೂ ಇಷ್ಟ. ಬಿಟ್ಟದ್ದು ಒಂದೇ, ಫ್ಯಾಕ್ಟರಿ ಅನ್ನೋ ಪದವನ್ನ ಆ ಥರ ಹೇಳೋದನ್ನ.

ಇಷ್ಟೂ ಕಥೆಯನ್ನ ಒಂದು ಶನಿವಾರ ಮಾವನ ಮೂಲೆ ಟೇಬಲ್ಲಿನಲ್ಲೇ ಕೂತು ಹೇಳಿದೆ. ಕಡ್ಲೆಬೀಜ ಬಾಯಿಗೆ ಹಾಕ್ಕೊಳ್ತಾ ಪೂರ್ತಿ ಕೇಳಿದರು. ಹ್ಯಾನ್ಸನ್ನನ ಯೀಸ್ಟಿಗಿಂತ ಅವರಿಗೆ ಗ್ರೋಲ್‌ನ ಸಮಾಚಾರ ಹೆಚ್ಚು ಬೇಕಿತ್ತು.

"ಅಷ್ಟು ಒಳ್ಳೆ ಮಾಲು ತೆಗೆದುಕೊಟ್ನಲ್ಲ, ಅವನನ್ನ ಪರ್ಮನೆಂಟ್ ಮಾಡಿದ್ರಾ?"

"ಇಲ್ಲ ಮಾವ. ಮೂರು ವರ್ಷಕ್ಕೆ ಕಾಂಟ್ರ್ಯಾಕ್ಟ್ ಮುಗೀತು. 1845ರಲ್ಲಿ ವಾಪಸ್ ಊರಿಗೆ ಹೋದ."

ಮಾವ ಗ್ಲಾಸು ಎತ್ತಿಕೊಂಡು ನಕ್ಕರು. "ಹಂಗಾದ್ರೆ ಅದೂ ಫ್ಯಾಕ್ಟರಿನೇ ಬಿಡು."