ಕೇರಿಗೆ ಬಾರದ ಬ್ಲೂ-ರೇ



2008 ಅಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ನೆನಪಾಗೋದು ಮೇ 24, ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ದಿನ. ಅದಕ್ಕೆ ಮೂರು ತಿಂಗಳ ಮೊದಲು, ಫೆಬ್ರವರಿ 19ರಂದು, ಜಪಾನಿನಲ್ಲಿ ತೋಷಿಬಾ ಕಂಪನಿ ತನ್ನ ‘ಎಚ್‌ಡಿ ಡಿವಿಡಿ’ಯನ್ನು ಕೈಬಿಟ್ಟಿತು, ಸೋನಿ ಕಡೆಯವರ ಬ್ಲೂ-ರೇ ಗೆದ್ದಿತು. ಇದನ್ನ ನೆನಪಿಟ್ಟುಕೊಂಡವರು ಕಡಿಮೆ. ನನಗೆ ನೆನಪಿದೆ. ಯಾಕಂದ್ರೆ ಅದೇ ಬೇಸಿಗೆ ದೊಡ್ಡಬಳ್ಳಾಪುರದಲ್ಲಿ ನಾವು ಹತ್ತು ಹನ್ನೆರಡು ಜನ ಕೂತು, ನಮ್ಮ ಸಭೆ, ಜಾಥಾ, ಜಯಂತಿಗಳ ವಿಡಿಯೋಗಳನ್ನ ಈ ಹೊಸ ಫಾರ್ಮ್ಯಾಟಿಗೆ ತರಬೇಕಾ ಬೇಡ್ವಾ ಅಂತ ರಾತ್ರಿಯೆಲ್ಲ ವಾದ ಮಾಡಿದ್ವಿ. ಈಗ ಹಳೇ ಕ್ಯಾಸೆಟ್‌ಗಳ ವಿಷಯ ಮತ್ತೆ ಎದ್ದಿರೋದ್ರಿಂದ ಆ ಚರಿತ್ರೆಯನ್ನ ಬರೆದಿಡ್ತಿದ್ದೀನಿ. ಉದ್ದ ಇದೆ, ಬಿಡುವಾದಾಗ ಓದಿ.

ಮೊದಲು ವಿಸಿಆರ್ ಕಾಲ. 1982ರ ಏಷ್ಯನ್ ಗೇಮ್ಸ್ ಜೊತೆ ಕಲರ್ ಟಿವಿ ಬಂತು, ಹಿಂದೆಯೇ ವಿಸಿಆರ್ ಬಂತು. ಹೊರದೇಶಗಳಲ್ಲಿ ಆಗ ಸೋನಿಯ ಬೀಟಾಮ್ಯಾಕ್ಸ್, ಜೆವಿಸಿಯ ವಿಎಚ್‌ಎಸ್ ನಡುವೆ ಯುದ್ಧ ನಡೆದಿತ್ತು. ಆ ಯುದ್ಧದ ಸುದ್ದಿ ನಮ್ಮ ಹಳ್ಳಿಗಳಿಗೆ ಬರಲಿಲ್ಲ, ಗೆದ್ದ ವಿಎಚ್‌ಎಸ್ ಮಾತ್ರ ಬಂತು. ಆದರೆ ಇನ್ನೊಂದು ಯುದ್ಧ ಇತ್ತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಮ್ಮವರು ಅದನ್ನ ನೋಡಿದ್ದು ಎಲ್ಲಿಂದ? ಊರಿನ ಮನೆಗಳ ಜಗಲಿ ಕೆಳಗಿಂದ, ಕಿಟಕಿ ಆಚೆಯಿಂದ. ಮಳೆ ಬಂದ್ರೆ ನೆನೆದುಕೊಂಡು. ‘ಸ್ವಲ್ಪ ಆ ಕಡೆ ನಿಂತ್ಕೊಳ್ರೋ’ ಅನ್ನಿಸಿಕೊಂಡು.

ಬಾಡಿಗೆ ವಿಸಿಆರ್ ಇದನ್ನ ಬದಲಾಯಿಸಿತು. ಟಿವಿ, ವಿಸಿಆರ್, ಮೂರು ಕ್ಯಾಸೆಟ್, ಒಂದು ರಾತ್ರಿಗೆ ಇಷ್ಟು ಅಂತ ರೇಟು. ಕೇರಿಯ ಹುಡುಗರು ತಲಾ ಇಷ್ಟು ಅಂತ ಚಂದಾ ಎತ್ತಿ, ಟಿವಿಎಸ್ ಮೇಲೋ ಸೈಕಲ್ ಕ್ಯಾರಿಯರ್ ಮೇಲೋ ಟಿವಿಯನ್ನ ಕೂಸಿನ ಹಾಗೆ ಕಟ್ಟಿಕೊಂಡು ಬರೋರು. ಮಾರಮ್ಮನ ಗುಡಿ ಮುಂದೆ ಇಟ್ಟು ಹಚ್ಚಿದ್ರೆ ಇಡೀ ಕೇರಿ ಎದುರಿಗೇ, ಚಾಪೆ ಹಾಸಿಕೊಂಡು ಕೂರೋದು. ನಮ್ಮ ಟಿವಿ, ನಮ್ಮ ಅಂಗಳ. ಮೂರನೇ ಸಿನಿಮಾ ಹೊತ್ತಿಗೆ ಊರಿನ ಕಡೆಯ ಹುಡುಗರೂ ಬಂದು ಹಿಂದೆ ನಿಂತಿರೋರು! ವಿಎಚ್‌ಎಸ್ ಚಿತ್ರ ಸುಮಾರು 240 ಗೆರೆಯಷ್ಟೇ, ಕಾಪಿ ಮಾಡಿದ ಕಾಪಿಯಾದ್ರೆ ಅದೂ ಇಲ್ಲ, ಮುಖ ಎಲ್ಲ ಕಲಸಿ ಹೋಗಿರೋದು. ಯಾರೂ ದೂರಲಿಲ್ಲ. ಚಿತ್ರದ ಗುಣಮಟ್ಟವನ್ನ ಅಳೆಯೋರು ಪರದೆಯಲ್ಲಿ ಎಷ್ಟು ಗೆರೆ ಅಂತ ಎಣಿಸ್ತಾರೆ. ನೋಡೋನು ಎಲ್ಲಿ ಕೂತಿದ್ದ ಅನ್ನೋದನ್ನ ಯಾವ ಕಂಪನಿಯೂ ಎಣಿಸಿಲ್ಲ.

ಆಮೇಲೆ ವಿಸಿಡಿ. 1993ರಲ್ಲಿ ಬಂದ ಫಾರ್ಮ್ಯಾಟ್. ಅಗಲ 352, ಎತ್ತರ 288 ಚುಕ್ಕೆ, ಒಂದು ಡಿಸ್ಕಿಗೆ 74 ನಿಮಿಷ. ಅಮೆರಿಕದವರು ಇದನ್ನ ಮೂಸಿಯೂ ನೋಡಲಿಲ್ಲ, ಏಷ್ಯಾದ ಬಡವರು ಎತ್ತಿಕೊಂಡ್ರು. ನನ್ನ ಪ್ರಕಾರ ದಲಿತ ಚಳವಳಿಗೆ ಇದುವರೆಗೆ ಒದಗಿದ ಅತ್ಯುತ್ತಮ ವಿಡಿಯೋ ಫಾರ್ಮ್ಯಾಟ್ ಇದೇ. ಜಬ್ಬಾರ್ ಪಟೇಲರ ‘ಡಾ. ಬಾಬಾಸಾಹೇಬ್ ಅಂಬೇಡ್ಕರ್’ 2000ದಲ್ಲಿ ಬಂದ ಚಿತ್ರ, ಸರ್ಕಾರದ ದುಡ್ಡಿನಲ್ಲಿ ಎನ್‌ಎಫ್‌ಡಿಸಿ ಮಾಡಿದ್ದು, ಮಮ್ಮುಟ್ಟಿಗೆ ರಾಷ್ಟ್ರಪ್ರಶಸ್ತಿ ತಂದದ್ದು. ಅದರ ತಮಿಳು ಅವತರಣಿಕೆ ಥಿಯೇಟರಿಗೆ ಬರೋಕೆ 2010ರ ಡಿಸೆಂಬರ್ ಆಯ್ತು, ಅದೂ ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ನಾವು ಥಿಯೇಟರಿಗೆ ಕಾಯಲಿಲ್ಲ. ಮೂರು ಗಂಟೆ ಚಿತ್ರ ಅಂದ್ರೆ ಮೂರು ಡಿಸ್ಕು. ಡಿಸ್ಕ್ ಬದಲಿಸುವಾಗ ಲೈಟ್ ಹಾಕಿ ಯಾರಾದ್ರೂ ಎದ್ದು ಮಾತಾಡೋರು. ಮಹಾಡ್ ಕೆರೆ ಯಾಕೆ ಮುಖ್ಯ, ಪೂನಾ ಒಪ್ಪಂದದಲ್ಲಿ ಏನಾಯ್ತು, ಎಲ್ಲ ಆ ಐದು ನಿಮಿಷದಲ್ಲೇ. ಆ ಫಾರ್ಮ್ಯಾಟಿನ ಕೊರತೆಯೇ ನಮಗೆ ಸಭೆಯಾಯ್ತು.

ಬೆಲೆ ನೋಡಿ. 2007ರಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನ 28 ರೂಪಾಯಿಗೆ, ಡಿವಿಡಿಯನ್ನ 34ಕ್ಕೆ ಇಳಿಸಿತು. ಖಾಲಿ ಡಿಸ್ಕ್ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಿನಲ್ಲೋ ಎಸ್.ಪಿ. ರಸ್ತೆಯಲ್ಲೋ ಕಟ್ಟುಗಟ್ಟಲೆ ಸಿಗ್ತಿತ್ತು. ದೊಡ್ಡಬಳ್ಳಾಪುರದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೇ ಕಾಪಿ. ಬೆಳಿಗ್ಗೆ ಜಾಥಾ, ಸಂಜೆಗೆ ಇಪ್ಪತ್ತು ಕೇರಿಗೆ ಡಿಸ್ಕು.

ಈಗ 2008ರ ಆ ರಾತ್ರಿಗೆ ಬರ್ತೀನಿ. ಬ್ಲೂ-ರೇ ಬೇಕು ಅಂದೋನು ನಮ್ಮಲ್ಲೇ ಚಿಕ್ಕವನು, ಮಗ್ಗದ ಕೂಲಿ ಮಾಡ್ಕೊಂಡೇ ಓದಿದ ಹುಡುಗ. ಅವನ ವಾದ ಸುಲಭದ್ದಲ್ಲ: ‘ಅಣ್ಣಾ, ಅವರ ಮದುವೆ ವಿಡಿಯೋನಲ್ಲಿ ಸೀರೆ ಜರಿ ಎಣಿಸಬಹುದು. ನಮ್ಮ ಜಾಥಾದಲ್ಲಿ ನಮ್ಮವ್ವನ ಮುಖ ಕಾಣಲ್ಲ. ಬಾಬಾಸಾಹೇಬ್ರು ಕೋಟು ಬೂಟು ಹಾಕಿದ್ದು ಶೋಕಿಗಾ? ನಮ್ಮ ಚರಿತ್ರೆ ಯಾಕೆ ಯಾವಾಗ್ಲೂ ಮಸುಕಾಗೇ ಇರ್ಬೇಕು?’ ಯಾರೂ ತಕ್ಷಣ ಬಾಯಿ ಬಿಡಲಿಲ್ಲ.

ಲೆಕ್ಕ ಮಾತ್ರ ಬೇರೆ ಹೇಳ್ತಿತ್ತು. ಬ್ಲೂ-ರೇ ಅಂದ್ರೆ ಒಂದು ಪದರಕ್ಕೆ 25 ಜಿಬಿ, ಚಿತ್ರ 1920ಕ್ಕೆ 1080. ಅದನ್ನ ಆಡಿಸೋಕೆ ಜನ ಹೇಳ್ತಿದ್ದ ಅಗ್ಗದ ದಾರಿ ಪ್ಲೇಸ್ಟೇಷನ್ 3, ಅದೇ ಸುಮಾರು 40 ಸಾವಿರ. ಎಚ್‌ಡಿ ಟಿವಿ ಬೇರೆ ಬೇಕು. ಕೇರಿಗಳಲ್ಲಿ ಇದ್ದದ್ದು 21 ಇಂಚಿನ ಡಬ್ಬಾ ಟಿವಿ, ಅದರಲ್ಲಿ 1080 ಗೆರೆ ಕಾಣೋದೇ ಇಲ್ಲ. ಕನ್ನಡದಲ್ಲಿ ಕೊಳ್ಳೋಕೆ ಡಿಸ್ಕೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಬೀಗ. ಆ ಫಾರ್ಮ್ಯಾಟನ್ನ ಕಟ್ಟಿದ್ದೇ ಕಾಪಿ ಆಗಬಾರದು ಅಂತ. ಲೋಕವನ್ನ ಎ, ಬಿ, ಸಿ ಅಂತ ಮೂರು ವಲಯ ಮಾಡಿ ನಮ್ಮನ್ನ ‘ಸಿ’ಗೆ ಹಾಕಿದ್ರು. (ವರ್ಗೀಕರಣ ನಮಗೆ ಹೊಸದಲ್ಲ ಬಿಡಿ.) ನಮ್ಮ ಚಳವಳಿ ಬದುಕಿದ್ದೇ ಕೈಯಿಂದ ಕೈಗೆ ಹೋಗೋದ್ರಿಂದ.

ಕೊನೆಗೆ ಇಬ್ಬರ ಮಾತೂ ಉಳೀತು. ಶೂಟ್ ಮಾಡೋದು ಕೈಗೆ ಸಿಗೋ ಒಳ್ಳೇ ಕ್ಯಾಮೆರಾದಲ್ಲಿ, ಆ ಮೂಲ ಮಿನಿ ಡಿವಿ ಟೇಪಿನ ಮೇಲೆ ಮತ್ತೆ ಶೂಟ್ ಮಾಡದೆ ಎತ್ತಿಡೋದು, ಹಂಚೋದು ವಿಸಿಡಿಯಲ್ಲಿ. ಬ್ಲೂ-ರೇ ಬೇಡ. ಇವತ್ತಿಗೂ ಅದು ಸರಿ ಅಂತಲೇ ನನ್ನ ತೀರ್ಮಾನ. ನಿರ್ಮಾಣ ದುಬಾರಿಯಾಗಲಿ, ಹಂಚಿಕೆ ಅಗ್ಗವಾಗಲಿ. ಆನಂದ್ ಪಟವರ್ಧನ್ ‘ಜೈ ಭೀಮ್ ಕಾಮ್ರೇಡ್’ ಮಾಡೋಕೆ 1997ರ ರಮಾಬಾಯಿ ನಗರ ಗೋಲಿಬಾರಿನಿಂದ ಹಿಡಿದು 14 ವರ್ಷ ತಗೊಂಡ್ರು. 2011ರಲ್ಲಿ ಅದು ಹೊರಬಂದಾಗ ನನಗೆ ಅನ್ನಿಸಿದ್ದು: ಮೂಲ ಟೇಪು ಜೋಪಾನವಾಗಿ ಇಟ್ಟುಕೊಂಡೋನಿಗೆ ಮಾತ್ರ ಹದಿನಾಲ್ಕು ವರ್ಷ ಕಾಯೋ ಶಕ್ತಿ ಇರುತ್ತೆ.

ಮುಂದಿನದು ಬೇಗ ಹೇಳ್ತೀನಿ. 2016ರ ಜುಲೈನಲ್ಲಿ ಜಪಾನಿನ ಫುನಾಯಿ ಕೊನೇ ವಿಸಿಆರ್ ತಯಾರಿಕೆ ನಿಲ್ಲಿಸಿತು. ಅದೇ ಸೆಪ್ಟೆಂಬರಿನಲ್ಲಿ ಜಿಯೋ ಬಂದು ವಿಸಿಡಿ ಅಂಗಡಿಗಳಿಗೂ ಕೊನೆ ಹಾಡಿತು. 2018ರಲ್ಲಿ ಮೋಸರ್ ಬೇರ್ ಲಿಕ್ವಿಡೇಷನ್‌ಗೆ ಹೋಯ್ತು. ಗೆದ್ದ ಸೋನಿಯೇ 2025ರ ಫೆಬ್ರವರಿಗೆ ರೆಕಾರ್ಡ್ ಮಾಡೋ ಬ್ಲೂ-ರೇ ಡಿಸ್ಕನ್ನೂ ಮಿನಿ ಡಿವಿ ಕ್ಯಾಸೆಟ್ಟನ್ನೂ ಒಟ್ಟಿಗೇ ನಿಲ್ಲಿಸಿತು. ಎಚ್‌ಡಿ ಕೇರಿಗೆ ಬಂದದ್ದು ಡಿಸ್ಕಿನಲ್ಲಲ್ಲ, ಜೇಬಿನಲ್ಲಿ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಭೂಮಿ ಹೋರಾಟ 2022ರ ಏಪ್ರಿಲ್‌ನಿಂದ ಮೂರು ವರ್ಷದ ಮೇಲೆ ನಡೀತು. 2025ರ ಜುಲೈ 15ಕ್ಕೆ ಸರ್ಕಾರ 1,777 ಎಕರೆ ಸ್ವಾಧೀನ ಕೈಬಿಟ್ಟಾಗ ಅಲ್ಲಿನ ಹೆಣ್ಣುಮಕ್ಕಳ ಒಂದೊಂದು ಮುಖವೂ ಫೋನುಗಳಲ್ಲಿ ನಿಚ್ಚಳವಾಗಿ ಇತ್ತು. ಆ ಹುಡುಗ ಕೇಳಿದ್ದು ಸಿಕ್ಕಿತು. ಆದರೆ ಅದರ ಬಹುಪಾಲು ಯಾರದೋ ಕಂಪನಿಯ ಸರ್ವರಿನಲ್ಲಿದೆ. ಖಾತೆ ಮುಚ್ಚಿದ್ರೆ ಅದೂ ಮುಚ್ಚಿತು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಮೊನ್ನೆ 4ಕೆಯಲ್ಲಿ ಜೀವ ಬಂತು, 2024ರಲ್ಲಿ ವೆನಿಸ್ಸಿನಲ್ಲಿ ತೋರಿಸಿದ್ರು. ಒಳ್ಳೇ ಚಿತ್ರ, ಸಂತೋಷವೇ. ಆದರೆ ಅಟ್ಟದ ಮೇಲಿರೋ ನಮ್ಮ ಕ್ಯಾಸೆಟ್‌ಗಳನ್ನ ಹುಡುಕಿಕೊಂಡು ಯಾವ ಫೌಂಡೇಶನ್ನೂ ಬರಲ್ಲ. 2000ದ ಮಾರ್ಚ್ 11ಕ್ಕೆ ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದ್ರು. ಈಗ ದೌರ್ಜನ್ಯ ತಡೆ ಕಾಯ್ದೆಗೆ 15ಎ ಸೇರಿದೆ, ಅದರ 10ನೇ ಉಪಕಲಂ ಪ್ರಕಾರ ವಿಚಾರಣೆ ಪೂರ್ತಿ ವಿಡಿಯೋ ಆಗಬೇಕು. ಯಾವ ಫಾರ್ಮ್ಯಾಟಿನಲ್ಲಿ, ಎಷ್ಟು ವರ್ಷ ಇಡ್ತೀರಿ ಅಂತ ನಿಮ್ಮ ತಾಲ್ಲೂಕಿನ ಕೇಸುಗಳಲ್ಲಿ ವಕೀಲರ ಮೂಲಕ ಬರವಣಿಗೆಯಲ್ಲಿ ಕೇಳಿ.

ಕ್ಯಾಸೆಟ್ ಇರೋರಿಗೆ: ಬಿಳಿ ಬೂಷ್ಟು ಹಿಡಿದಿದ್ರೆ ಪ್ಲೇಯರಿಗೆ ಹಾಕಬೇಡಿ, ಟೇಪೂ ಹೋಗುತ್ತೆ, ಹೆಡ್ಡೂ ಹೋಗುತ್ತೆ. ಮದುವೆ ಸ್ಟುಡಿಯೋದವರಿಗೆ ಕೊಟ್ಟು ‘ಡಿವಿಡಿ ಮಾಡ್ಕೊಡಿ’ ಅನ್ನಬೇಡಿ, ಚಿತ್ರ ಹಿಂಡಿಬಿಡ್ತಾರೆ. ಮಿನಿ ಡಿವಿಯನ್ನ ಫೈರ್‌ವೈರ್ ಕೇಬಲ್ಲಿನಲ್ಲಿ ಹಾಗೇ ಇಳಿಸಬೇಕು, ಒಂದು ಗಂಟೆಗೆ ಸುಮಾರು 13 ಜಿಬಿ ಆಗುತ್ತೆ. ಎರಡು ಹಾರ್ಡ್ ಡಿಸ್ಕು, ಎರಡು ಬೇರೆ ಬೇರೆ ಊರಿನಲ್ಲಿ. ಓಡೋ ಸ್ಥಿತಿಯಲ್ಲಿರೋ ಮಿನಿ ಡಿವಿ ಕ್ಯಾಮೆರಾ ಹೊಸಕೋಟೆ, ನೆಲಮಂಗಲ ಕಡೆ ಯಾರ ಹತ್ರ ಇದ್ರೂ ಗುಜರಿಗೆ ಹಾಕಬೇಡಿ, ತಿಳಿಸಿ. ಟೇಪು ತರುವಾಗ ಆ ಕೇರಿಯ ಒಬ್ಬ ಹಿರಿಯರನ್ನೂ ಕರ್ಕೊಂಡು ಬನ್ನಿ. ಜಾಥಾದಲ್ಲಿ ನಡೆಯೋರ ಹೆಸರು ಹೇಳೋಕೆ ಈಗ ಅವರೊಬ್ಬರೇ ಉಳಿದಿರೋದು.