ಹಗ್ಗ ಹರಿಯದಿದ್ದರೆ ಸಾಕೇ?

1865ರ ಜುಲೈ 14. ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊಟ್ಟಮೊದಲು ಹತ್ತಿದ ಏಳು ಜನ ಕೆಳಗಿಳಿಯುತ್ತಿದ್ದರು. ಒಬ್ಬ ಜಾರಿದ, ಜತೆಗೆ ಮೂವರನ್ನು ಎಳೆದುಕೊಂಡ. ನಡುವಿನ ಹಗ್ಗ ಹರಿಯಿತು. ನಾಲ್ವರು ಸತ್ತರು. ಉಳಿದವರು ಎಡ್ವರ್ಡ್ ವಿಂಪರ್ ಮತ್ತು ಟೌಗ್‌ವಾಲ್ಡರ್ ಅಪ್ಪ-ಮಗ. ಒಯ್ದಿದ್ದ ಹಗ್ಗಗಳಲ್ಲೇ ತೀರ ದುರ್ಬಲವಾದದ್ದನ್ನು ಅಲ್ಲಿ ಕಟ್ಟಿದ್ದರಂತೆ! ಅಪ್ಪನೇ ಬೇಕಂತ ಕತ್ತರಿಸಿದ ಅನ್ನುವ ಗುಮಾನಿಯೂ ಹಬ್ಬಿತು, ಪಾಪ. ಆ ಹರಿದ ಹಗ್ಗ ಸ್ವಿಟ್ಜರ್ಲೆಂಡಿನ ಜರ್ಮಾಟ್ ಊರಿನ ಮ್ಯೂಸಿಯಮ್ಮಿನಲ್ಲಿದೆ.

ಆಗಿನ ಹಗ್ಗಗಳೆಲ್ಲ ಗಿಡದ ನಾರಿನವು, ಹಿಗ್ಗುವುದು ಕಮ್ಮಿ. ಹಾಗಾಗಿ 'ಮುಂದೆ ಹತ್ತುವವನು ಬೀಳಲೇಬಾರದು' ಅನ್ನುವುದೇ ದೊಡ್ಡ ನಿಯಮ. ಚೆನ್ನಾಗಿದೆ ಅಲ್ವೇ? 1935ರಲ್ಲಿ ಡ್ಯುಪಾಂಟ್ ಕಂಪನಿಯ ಕ್ಯಾರೊಥರ್ಸ್ ನೈಲಾನ್ ಕಂಡುಹಿಡಿದ. ಯುದ್ಧದಲ್ಲಿ ಜಪಾನ್ ಫಿಲಿಪೈನ್ಸನ್ನು ಹಿಡಿದಾಗ ಅಮೆರಿಕಕ್ಕೆ ಮನಿಲಾ ನಾರು ಸಿಗದೆ ನೈಲಾನ್ ಹಗ್ಗಕ್ಕೆ ಕಾಲ ಬಂತು. 1953ರಲ್ಲಿ ಜರ್ಮನಿಯ ಎಡೆಲ್ರಿಡ್ ಕಂಪನಿ ಒಳಗೆ ತಿರುಳು, ಹೊರಗೆ ಹೆಣೆದ ಹೊದಿಕೆ ಇರುವ ಹಗ್ಗ ತಂದಿತು.

ನಾನು ಬಿಕಾಂ ಓದಿದವನು, ಆದರೂ ಈ ಲೆಕ್ಕ ನನಗೂ ಬರುತ್ತೆ. 80 ಕೆಜಿ ಮನುಷ್ಯ ಎರಡು ಮೀಟರ್ ಬಿದ್ದ ಅನ್ನಿ. ಹಗ್ಗ ಅವನನ್ನು 10 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಮೈಮೇಲೆ ಬೀಳುವ ಸರಾಸರಿ ಬಲ ಅವನ ತೂಕದ 21 ಪಟ್ಟು, ಅಂದರೆ 1680 ಕೆಜಿ ಭಾರದಷ್ಟು. ಹಿಗ್ಗಿ ಒಂದು ಮೀಟರಿನಲ್ಲಿ ನಿಲ್ಲಿಸಿದರೆ ಮೂರೇ ಪಟ್ಟು, 240 ಕೆಜಿ. ಹಗ್ಗ ಗಟ್ಟಿಯಾಗಿ ಉಳಿದು ಸೊಂಟ ಮುರಿದರೆ ಏನು ಬಂತು?

ಹಾಗಾದರೆ ಮರ ಹತ್ತುವವರಿಗೂ ಹಿಗ್ಗುವ ಹಗ್ಗವೇ ಸರಿ ಅನ್ನಿಸುತ್ತೆ. ಅಲ್ಲ! ಬಂಡೆ ಹತ್ತುವವನು ಹಗ್ಗ ಸಿಕ್ಕಿಸಿದ ಜಾಗಕ್ಕಿಂತ ಮೇಲೆ ಹೋಗುತ್ತಾನೆ, ಬೀಳುತ್ತಾನೆ. ಮರ ಸವರುವವನು ಇಡೀ ದಿನ ಹಗ್ಗದಲ್ಲೇ ನೇತಾಡಿ ಗರಗಸ ಹಿಡಿಯಬೇಕು. ರಬ್ಬರಿನಂತೆ ಕುಣಿದರೆ ಕೆಲಸ ಕೆಟ್ಟಿತು. ಅದಕ್ಕೇ ಅವರದ್ದು ಹಿಗ್ಗು ಕಮ್ಮಿ ಇರುವ ಹಗ್ಗ. ಯುರೋಪಿನ ಮಾನಕದ ಪ್ರಕಾರ ಭಾರ 50ರಿಂದ 150 ಕೆಜಿಗೆ ಏರಿದರೆ ಅದು ಶೇ. 5ಕ್ಕಿಂತ ಹೆಚ್ಚು ಹಿಗ್ಗಬಾರದು. ಬದಲಿಗೆ ಹಗ್ಗ ಕಟ್ಟಿದ ಜಾಗ ಸದಾ ತಲೆಯ ಮೇಲಿರಬೇಕು, ಹಗ್ಗ ಸಡಿಲ ಬಿಡಬಾರದು. ಸಡಿಲ ಬಿಟ್ಟು ಬಿದ್ದರೆ ಮೇಲಿನ 21ರ ಲೆಕ್ಕವೇ. ಬೀಳುವ ಸಂಭವ ಇರುವ ಕಡೆ ಬೇರೆ ಪಟ್ಟಿ ಬರುತ್ತೆ, ಅದರ ಹೊಲಿಗೆ ಒಂದೊಂದಾಗಿ ಬಿಚ್ಚಿ ಪೆಟ್ಟನ್ನು ನುಂಗುತ್ತದೆ.

ಮುಂಬಯಿಯ ನಮ್ಮ ಸೊಸೈಟಿಯಲ್ಲಿ ಮಳೆಗಾಲಕ್ಕೆ ಮುಂಚೆ ತೆಂಗಿನ ಗರಿ ಕಡಿಸುತ್ತೇವೆ. ಹತ್ತುವ ಹುಡುಗನಿಗೆ ಹಗ್ಗ ಕೊಡಿಸೋಣ ಅಂತ ಮೀಟಿಂಗಿನಲ್ಲಿ ಮಾತು ಬಂದಾಗ ಎಲ್ಲರದ್ದೂ ಒಂದೇ ಪ್ರಶ್ನೆ, "ಎಷ್ಟು ಟನ್ ತಡೆಯುತ್ತೆ?" ತೆಂಗಿಗೆ ಕೊಂಬೆಯೇ ಇಲ್ಲ ಮಾರಾಯ್ರೆ, ತಲೆಯ ಮೇಲೆ ಹಗ್ಗ ಕಟ್ಟುವುದೆಲ್ಲಿ? ನಮ್ಮ ಮಲೆನಾಡಿನ ಅಡಿಕೆ ಕೊನೆಗಾರನದ್ದೂ ಇದೇ ಪಾಡು, ಕಾಲಿಗೆ ತಳೆ, ಮಿಕ್ಕಿದ್ದೆಲ್ಲ ತೋಳಿನ ಬಲ. ಇಂಥ ಮರಕ್ಕೆ ಬೇಕಾದದ್ದು ಕಾಂಡವನ್ನೇ ಸುತ್ತಿ ಬಿಗಿಹಿಡಿದು, ಕಾಲು ಜಾರಿದ ಕೂಡಲೇ ಕಚ್ಚಿಕೊಳ್ಳುವ ಪಟ್ಟಿ. ಅದನ್ನು ಹೇಳಿದೆ. ಈ ಸಲದ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಬರೆಸಿದ್ದೇನೆ.