ಅರ್ಜಿ ಕೊಟ್ಟ ದಿನದಿಂದ ನಿರುದ್ಯೋಗಿ

ಕೆಲಸ ಹೋದ ದಿನವೇ ಮನುಷ್ಯ ನಿರುದ್ಯೋಗಿ ಎಂಬುದು ಲೋಕದ ಲೆಕ್ಕ. ಕಾಯಿದೆಯ ಲೆಕ್ಕ ಬೇರೆ. ಅಲ್ಲಿ ಎಣಿಕೆ ಶುರುವಾಗುವುದು ಅರ್ಜಿ ಕೊಟ್ಟ ದಿನದಿಂದ.

ಇದರ ಮೂಲ ಬ್ರಿಟನ್ನಿನ 1911ರ ರಾಷ್ಟ್ರೀಯ ವಿಮಾ ಕಾಯಿದೆಯಲ್ಲಿದೆ. ಲಾಯ್ಡ್ ಜಾರ್ಜ್ ಆಗ ಅಲ್ಲಿನ ಹಣಕಾಸು ಮಂತ್ರಿ. ಕಟ್ಟಡ, ಹಡಗು ನಿರ್ಮಾಣ, ಎಂಜಿನಿಯರಿಂಗ್ ಮುಂತಾದ ಕಸುಬುಗಳ ಸುಮಾರು 22.5 ಲಕ್ಷ ಕಾರ್ಮಿಕರು ಈ ಯೋಜನೆಗೆ ಸೇರಿದರು. ಕಾರ್ಮಿಕನೂ ಮಾಲೀಕನೂ ವಾರಕ್ಕೆ ತಲಾ ಎರಡೂವರೆ ಪೆನ್ನಿ ವಂತಿಗೆ ಕಟ್ಟಬೇಕು. ಸರ್ಕಾರ ತನ್ನ ಪಾಲು ಸೇರಿಸುತ್ತದೆ. 1913ರ ಜನವರಿಯಿಂದ ವಾರಕ್ಕೆ 7 ಷಿಲಿಂಗ್ ಭತ್ಯೆ, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಮೊದಲ ವಾರ ಏನೂ ಇಲ್ಲ.

ಅರ್ಹತೆಗೆ ಷರತ್ತುಗಳಿದ್ದವು. ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 26 ವಾರ ಆ ಕಸುಬಿನಲ್ಲಿ ದುಡಿದಿರಬೇಕು. ದುಡಿಯಲು ಶಕ್ತನಿದ್ದೂ ತಕ್ಕ ಕೆಲಸ ಸಿಗದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಕೊಟ್ಟ ದಿನದಿಂದ ಸತತವಾಗಿ ಕೆಲಸವಿಲ್ಲವೆಂದು ರುಜುವಾತು ಮಾಡಬೇಕು. ಹತ್ತು ದಿನ ತಾನೇ ಕೆಲಸ ಹುಡುಕಿ ಅಲೆದು, ಸೋತು ಬಂದವನಿಗೆ ಆ ಹತ್ತು ದಿನ ಲೆಕ್ಕಕ್ಕೇ ಇಲ್ಲ! ಸ್ವಾಭಿಮಾನಕ್ಕೆ ಬಿದ್ದ ದಂಡ ಇದು. ಆದರೆ ಕಳೆದುಹೋದ ದಿನಗಳಲ್ಲಿ ಅವನಿಗೆ ನಿಜಕ್ಕೂ ಕೆಲಸವಿರಲಿಲ್ಲವೇ ಎಂದು ಪರಿಶೀಲಿಸುವುದು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಷ್ಟ ಎಂಬುದೂ ಅಷ್ಟೇ ನಿಜ.

ಎರಡನೇ ಮಹಾಯುದ್ಧದ ನಂತರ ಈ ಬಿಗಿ ಸ್ವಲ್ಪ ಸಡಿಲವಾಯಿತು. ತಡಕ್ಕೆ ‘ಸಕಾರಣ’ ಇದ್ದರೆ ಹಿಂದಿನ ದಿನಗಳ ಭತ್ಯೆಯೂ ಸಿಗಬಹುದಿತ್ತು. ಸಕಾರಣ ಎಂದರೇನು? 1949ರ ಒಂದು ತೀರ್ಮಾನ ಇದಕ್ಕೆ ಅಳತೆಗೋಲು ಕೊಟ್ಟಿತು: ಅದೇ ವಯಸ್ಸಿನ, ಅದೇ ಅನುಭವದ ವಿವೇಕಿಯೊಬ್ಬ ಆ ಸ್ಥಿತಿಯಲ್ಲಿ ಹಾಗೆಯೇ ನಡೆದುಕೊಳ್ಳುತ್ತಿದ್ದನೇ? ಅವನ ಆರೋಗ್ಯ, ಅವನಿಗೆ ಸಿಕ್ಕಿದ್ದ ಮಾಹಿತಿ, ಕೇಳಿದ್ದರೆ ಸಿಗಬಹುದಾಗಿದ್ದ ಮಾಹಿತಿ ಎಲ್ಲವನ್ನೂ ತೂಗಬೇಕಿತ್ತು. 1997ರಲ್ಲಿ ಈ ವಿಶಾಲ ಮಾತಿನ ಜಾಗಕ್ಕೆ ನಿರ್ದಿಷ್ಟ ಕಾರಣಗಳ ಪಟ್ಟಿ ಬಂತು.

ನಮ್ಮಲ್ಲಿ ಇಎಸ್‌ಐ ಕಾರ್ಮಿಕರಿಗಾಗಿ 2018ರ ಜುಲೈಯಲ್ಲಿ ಅಟಲ್ ವಿಮಾ ವ್ಯಕ್ತಿ ಕಲ್ಯಾಣ ಯೋಜನೆ ಆರಂಭವಾಯಿತು. ಮೊದಲು ಕೆಲಸ ಹೋಗಿ 90 ದಿನ ಕಾಯಬೇಕಿತ್ತು. ಕೋವಿಡ್ ಬಂದ 2020ರಲ್ಲಿ ಅದನ್ನು 30 ದಿನಕ್ಕೆ ಇಳಿಸಲಾಯಿತು. ಹಳೆಯ ಮಾಲೀಕರ ಮೂಲಕವೇ ಬರಬೇಕಿದ್ದ ಅರ್ಜಿಯನ್ನು ಕಾರ್ಮಿಕನೇ ನೇರವಾಗಿ ಶಾಖಾ ಕಚೇರಿಗೆ ಕೊಡಲೂ ಅವಕಾಶವಾಯಿತು.

ವಂತಿಗೆ ಸಂಬಳದಲ್ಲಿ ತಾನಾಗಿಯೇ ಕಡಿತವಾಗುತ್ತದೆ. ಭತ್ಯೆ ತಾನಾಗಿ ಬರುವುದಿಲ್ಲ, ಕೇಳಿಯೇ ಪಡೆಯಬೇಕು. ಕೆಲಸ ಕಳೆದುಕೊಂಡವನು ಮೊದಲು ತಿಳಿಯಬೇಕಾದ್ದು ಇದನ್ನೇ.